‘ನನ್ನ ಯಾರೂ ಕೇಳಲೇ ಇಲ್ಲ’

ಮಂಡ್ಯದ ಒಂದು ಕ್ಲಿನಿಕ್. ಏಳು ವರ್ಷದ ಮಗಳಿಗೆ ಹೊಟ್ಟೆನೋವು. "ಎಲ್ಲಿ ನೋವು, ಯಾವಾಗಿಂದ?" ಡಾಕ್ಟರು ಕೇಳಿದ್ದು ನನ್ನನ್ನು. ನಾನೂ ಪಟಪಟ ಉತ್ತರ ಕೊಟ್ಟೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳಂದಳು: "ಅಮ್ಮ, ನನ್ನ ಯಾರೂ ಕೇಳಲೇ ಇಲ್ಲ."

ಮಕ್ಕಳ ಪರವಾಗಿ ದೊಡ್ಡವರೇ ಮಾತಾಡೋದು ನಮ್ಮಲ್ಲಿ ಹಳೇ ರೂಢಿ, ಅಲ್ವಾ? ಒಳ್ಳೆಯ ಕಾನೂನುಗಳೂ ಹಾಗೇ ಹುಟ್ಟಿದವು. 1894ರಲ್ಲೇ ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ತಡೆಯಿತು. ಹದಿನಾಲ್ಕು ತುಂಬದವಳನ್ನು ಐವತ್ತು ದಾಟಿದವನಿಗೆ ಕೊಡಬಾರದು ಎಂದಿತು. ಆ ಕಾಲಕ್ಕೆ ಅದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ ಕಾನೂನು ನೋಡಿದ್ದು ವಯಸ್ಸನ್ನು. ಒಂಬತ್ತರ ಹುಡುಗಿಗೆ ಮದುವೆ ಬೇಕೋ ಬೇಡವೋ ಎಂದು ಅದು ಕೇಳಲಿಲ್ಲ.

ಕೇಳಬೇಕು ಅನ್ನುವುದಕ್ಕೆ ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೂ ಬೆಲೆ ಕೊಡಬೇಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳಿತು. ಅದು 12ನೇ ವಿಧಿ. ಭಾರತ 1992ರಲ್ಲಿ ಒಪ್ಪಿಕೊಂಡಿತು. 1996ರಲ್ಲಿ ಮುಂಬೈಯಲ್ಲಿ 1098 ಸಹಾಯವಾಣಿ ಶುರುವಾಯಿತು. ಮಗು ತಾನೇ ಫೋನ್ ಮಾಡಬಹುದಾದ ನಂಬರ್ ಅದು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು 2012ರ ಪೋಕ್ಸೋ ಕಾಯ್ದೆ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನು. ಪೊಲೀಸರು ಯೂನಿಫಾರ್ಮ್ ಹಾಕದೆ, ಮಗುವಿನ ಮನೆಯಲ್ಲೋ ಅದು ಹೇಳಿದ ಕಡೆಯೋ ಹೇಳಿಕೆ ಪಡೆಯಬೇಕು. ರಾತ್ರಿ ಸ್ಟೇಷನ್ನಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ವೈದ್ಯಕೀಯ ತಪಾಸಣೆ ಮಾಡುವಾಗ ಅಪ್ಪ, ಅಮ್ಮ ಅಥವಾ ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು. ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು. ಈ ‘ಹಾಗೇ’ ಸಣ್ಣ ಮಾತಲ್ಲ. ನಮ್ಮ ಕಡೆ ಮಗು "ಅವಯ್ಯ ಹಿಂಗ್ ಮಾಡ್ತು" ಅಂದರೆ ಅದೇ ಹೇಳಿಕೆ. ‘ಅಸಭ್ಯವಾಗಿ ವರ್ತಿಸಿದನು’ ಅಂತ ತಿದ್ದಿದರೆ ಅದು ಬರೆದವರ ಮಾತಾಗುತ್ತದೆ.

ಆಸರೆ ಬೇಕಾದ ಮಕ್ಕಳಿಗೂ ಅಪರಾಧದ ಆರೋಪ ಹೊತ್ತ ಮಕ್ಕಳಿಗೂ ಇರುವ 2015ರ ಬಾಲನ್ಯಾಯ ಕಾಯ್ದೆಯೂ ಮಗುವಿನ ಮಾತು ಕೇಳಬೇಕು ಅನ್ನುತ್ತದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಆಸರೆ ಬೇಕಾದ ಮಗುವನ್ನು ಎಲ್ಲಿ ಇರಿಸುವುದು ಎಂದು ತೀರ್ಮಾನಿಸುವಾಗಲೂ ಅಷ್ಟೇ. ಆದರೆ ದಿನಾ ಮಕ್ಕಳು ಜಾಸ್ತಿ ಬರೋದು ಜ್ವರ, ನೋವು ಅಂತ ಡಾಕ್ಟರ ಹತ್ತಿರ. ಅಲ್ಲಿ ಪ್ರಶ್ನೆ ಈಗಲೂ ಅಮ್ಮನಿಗೇ ಹೋಗುತ್ತದೆ.

ಮುಂದಿನ ವಾರ ಮತ್ತೆ ಹೋದೆವು. "ಅವಳನ್ನೇ ಕೇಳಿ" ಎಂದು ಸುಮ್ನೆ ಕೂತೆ. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕಾದರು. ಮಗಳು ಹೊಕ್ಕುಳ ಕೆಳಗೆ ಬೆರಳಿಟ್ಟಳು. "ಸೂಸೂ ಮಾಡುವಾಗ ಉರಿ. ಸ್ಕೂಲ್ ಟಾಯ್ಲೆಟ್ಟಿಗೆ ಚಿಲಕ ಇಲ್ಲ. ಅದಕ್ಕೆ ತಡ್ಕೋತೀನಿ."