ನಾಯಿಯೊಳಗೆ ಸಿಕ್ಕ ಹಳದಿ ಚುಕ್ಕೆ

ಫಾರಂ ಕೋಳಿಯ ಮೊಟ್ಟೆಯೊಂದನ್ನು ತಟ್ಟೆಗೆ ಒಡೆದು ನೋಡಿ. ನಡುವಿನ ಹಳದಿ ಉಂಡೆ ಇದೆಯಲ್ಲ, ಅಷ್ಟೂ ಒಂದೇ ಜೀವಕೋಶ. ಅದೇ ಕೋಳಿಯ ಅಂಡಾಣು. ಬಿಳಿ ಲೋಳೆ, ಚಿಪ್ಪು ಎಲ್ಲ ಆಮೇಲೆ ಸುತ್ತಿಕೊಂಡದ್ದು. ಹುಂಜ ಸೇರದ ಕಾರಣ ಅದು ಮರಿಯಾಗುವುದಿಲ್ಲ, ಆಮ್ಲೆಟ್ ಆಗುತ್ತದೆ.

ಆದರೆ ಮೊಟ್ಟೆ ಇಡದ ಹಸು, ನಾಯಿ, ಮನುಷ್ಯರ ಒಳಗೂ ಅಂಡಾಣು ಇದೆ ಅಂತ ಕಣ್ಣಾರೆ ಕಂಡದ್ದು 1827ರಲ್ಲಿ! ಅಲ್ಲಿಯವರೆಗೆ ಬರೀ ಊಹೆ, ಜಗಳ.

ತಾಯಿಯದು ಮುಟ್ಟಿನ ರಕ್ತವೆಂಬ ಸಾಮಗ್ರಿ ಮಾತ್ರ, ರೂಪ ಕೊಡುವುದು ತಂದೆಯ ವೀರ್ಯ ಎಂದಿದ್ದ ಅರಿಸ್ಟಾಟಲ್. ಈ ಮಾತು ಬಹಳ ಕಾಲ ಬಾಳಿತು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1651ರ ತನ್ನ ಪುಸ್ತಕದಲ್ಲಿ ಎಲ್ಲ ಪ್ರಾಣಿಗಳೂ ಮೊಟ್ಟೆಯಿಂದಲೇ ಎಂದ. ತಮಾಷೆ ಏನೆಂದರೆ, ರಾಜ ಚಾರ್ಲ್ಸ್‌ನ ಬೇಟೆಯಲ್ಲಿ ಸತ್ತ ಹೆಣ್ಣು ಜಿಂಕೆಗಳನ್ನು ಸೀಳಿ ಸೀಳಿ ನೋಡಿದರೂ ಅವನಿಗೆ ಒಂದು ಮೊಟ್ಟೆಯೂ ಸಿಕ್ಕಿರಲಿಲ್ಲ.

ಗುರಿಗೆ ತೀರಾ ಹತ್ತಿರ ಬಂದವನು ಡಚ್ ವೈದ್ಯ ರೆನಿಯರ್ ದ ಗ್ರಾಫ್. ಮೊಲಗಳ ಅಂಡಾಶಯದಲ್ಲಿ ನೀರು ತುಂಬಿದ ಗುಳ್ಳೆಗಳನ್ನು ಕಂಡ. ಒಡೆದ ಗುಳ್ಳೆಗಳನ್ನೂ ಗರ್ಭದಲ್ಲಿದ್ದ ಮರಿಗಳನ್ನೂ ಎಣಿಸಿದ. ಲೆಕ್ಕ ಕೂಡಿತು. ಗುಳ್ಳೆಯೇ ಮೊಟ್ಟೆ ಎಂದು 1672ರಲ್ಲಿ ಬರೆದ. ಆದರೆ ಅಂಡಾಶಯದಿಂದ ಗರ್ಭಕ್ಕೆ ಹೋಗುವ ನಾಳದಲ್ಲಿ ಸಿಗುವ ಮೊಟ್ಟೆ ಗುಳ್ಳೆಗಿಂತ ಎಷ್ಟೋ ಚಿಕ್ಕದಿತ್ತು. ಅವನು ಹಿಡಿದದ್ದು ಮನೆಯನ್ನು, ಒಳಗಿದ್ದವಳನ್ನಲ್ಲ. ಮರುವರ್ಷವೇ 32ರ ವಯಸ್ಸಿಗೆ ತೀರಿಕೊಂಡ.

1677ರಲ್ಲಿ ಡಚ್ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ನೋಡಿದ. ಅವು ಈಜಾಡುತ್ತಿದ್ದವು, ಅಂಡಾಣುವೋ ಕಾಣಿಸಿಯೇ ಇರಲಿಲ್ಲ. ಸರಿ, ಇಡೀ ಮಗು ವೀರ್ಯಾಣುವಿನಲ್ಲೇ ಇದೆ, ತಾಯಿ ಸುಮ್ನೆ ಹೊಲ ಎಂಬ ವಾದಕ್ಕೆ ಬಲ ಬಂತು. ನಮ್ಮಲ್ಲೂ ಬೀಜ, ಕ್ಷೇತ್ರ ಎಂಬ ಮಾತು ಹಳೆಯದೇ ಬಿಡಿ.

ಕೊನೆಗೆ 1827ರಲ್ಲಿ, ಆಗ ಜರ್ಮನ್ನರ ಊರಾಗಿದ್ದ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ ಸಹೋದ್ಯೋಗಿಯ ಮನೆಯ ಹೆಣ್ಣು ನಾಯಿಯನ್ನು ಕೊಯ್ದ. ಪಾಪದ ನಾಯಿ. ಗುಳ್ಳೆಯೊಳಗೆ ಒಂದು ಹಳದಿ ಚುಕ್ಕೆ ಬರಿಗಣ್ಣಿಗೇ ಕಂಡಿತು. ಚಾಕುವಿನ ತುದಿಯಲ್ಲಿ ಎತ್ತಿ ಸೂಕ್ಷ್ಮದರ್ಶಕಕ್ಕೆ ಇಟ್ಟು ನೋಡಿದವನು ಸಿಡಿಲು ಬಡಿದಂತೆ ಹಿಂದೆ ಸರಿದನಂತೆ. ಮತ್ತೊಮ್ಮೆ ನೋಡಲು ಧೈರ್ಯ ತಂದುಕೊಳ್ಳಬೇಕಾಯಿತಂತೆ.

ಅಂಡಾಣು ಏನು ಮಾಡುತ್ತದೆ ಎನ್ನುವುದಕ್ಕೆ ಇನ್ನೂ ಐವತ್ತು ವರ್ಷ ಬೇಕಾಯಿತು. 1876ರಲ್ಲಿ ಜರ್ಮನ್ ಜೀವವಿಜ್ಞಾನಿ ಆಸ್ಕರ್ ಹರ್ಟ್‌ವಿಗ್ ಕಡಲಿನ ಮುಳ್ಳುಜೀವಿಯಾದ ಸೀ ಅರ್ಚಿನ್‌ನ ಪಾರದರ್ಶಕ ಅಂಡಾಣುವನ್ನು ಗಮನಿಸಿದ. ಒಳಗೆ ಎರಡು ಕೋಶಕೇಂದ್ರಗಳು ಸೇರಿ ಒಂದಾದವು. ಒಂದು ತಾಯಿಯದು, ಇನ್ನೊಂದು ವೀರ್ಯಾಣು ತಂದದ್ದು. ಹೊಲದ ವಾದ ಅಲ್ಲಿಗೆ ನಿಂತಿತು. ಮನುಷ್ಯರಲ್ಲಿ ಎರಡೂ ಕಡೆಯಿಂದ 23 ಕ್ರೋಮೋಸೋಮ್ ಬರುತ್ತವೆ, ಲೆಕ್ಕ ಸಮ. ಆದರೆ ಮೊದಲ ದಿನಗಳ ಆಹಾರ, ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾ, ಇವೆಲ್ಲ ಹೆಚ್ಚೂಕಡಿಮೆ ಪೂರ್ತಿ ತಾಯಿಯ ಕಡೆಯವೇ.