ಸ್ವೀಡನ್ನಿನಲ್ಲಿ ರೋಮಾ ಜನರು ಎಷ್ಟಿದ್ದಾರೆ?

ಪ್ರಶ್ನೆ: ಸ್ವೀಡನ್ನಿನ ರೋಮಾ ಜನರ (ಹಿಂದೆ ‘ಜಿಪ್ಸಿ’ಗಳೆಂದು ಕರೆಯುತ್ತಿದ್ದವರ) ಸಂಖ್ಯೆಯನ್ನು ಒಬ್ಬರು 50,000 ಎಂದರೆ ಇನ್ನೊಬ್ಬರು 1,00,000 ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ?

ಉತ್ತರ: ಎರಡೂ ಅಂದಾಜುಗಳೇ. ಸ್ವೀಡನ್ ತನ್ನ ಪ್ರಜೆಗಳ ಜನಾಂಗೀಯ ಮೂಲವನ್ನು ದಾಖಲಿಸುವುದಿಲ್ಲವಾದ್ದರಿಂದ, ಸರ್ಕಾರದ ಬಳಿಯೂ ಇದಕ್ಕಿಂತ ಖಚಿತವಾದ ಅಂಕಿ ಇಲ್ಲ.

ರುಮೇನಿಯಾದಿಂದ ಬಂದು ಅಂಗಡಿಗಳ ಮುಂದೆ ಭಿಕ್ಷೆಗೆ ಕೂರುವ ರೋಮಾ ಜನರನ್ನು ಕಂಡ ಪ್ರವಾಸಿಗರು ಅವರನ್ನೇ ಈ ಅಲ್ಪಸಂಖ್ಯಾತರೆಂದು ತಿಳಿಯುವುದುಂಟು. ವಾಸ್ತವದಲ್ಲಿ ಸ್ಟಾಕ್‌ಹೋಮ್ ನಗರದ ದಾಖಲೆಯಲ್ಲಿ ರೋಮಾ ಜನರ ಉಲ್ಲೇಖ 1512ರಷ್ಟು ಹಿಂದೆಯೇ ಸಿಗುತ್ತದೆ. ಶತಮಾನಗಳಿಂದ ಅಲ್ಲಿರುವ ರೇಸಾಂದೆ ಪಂಗಡ, ಫಿನ್ಲೆಂಡ್ ಮೂಲದ ಕಾಲೆ, 19ನೆಯ ಶತಮಾನದ ಕೊನೆಯಲ್ಲಿ ಬಂದ ಕೆಲ್ದೆರಾಶ್, 1990ರ ದಶಕದ ಬಾಲ್ಕನ್ ಯುದ್ಧಗಳ ಕಾಲದ ನಿರಾಶ್ರಿತರು ಎಲ್ಲರೂ ಈ ಅಂದಾಜಿನೊಳಗೆ ಬರುತ್ತಾರೆ. 2000ದಲ್ಲಿ ರೋಮಾ ಜನರು ಐದು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯಗಳಲ್ಲಿ ಒಂದಾದರು. ಅವರ ಭಾಷೆಯಾದ ರೋಮಾನಿ ಚಿಬ್‌ಗೂ ಮಾನ್ಯತೆ ದೊರೆಯಿತು. (ಚಿಬ್ ಎಂದರೆ ನಾಲಿಗೆ, ಸಂಸ್ಕೃತದ ‘ಜಿಹ್ವಾ’ ಶಬ್ದದ ನೆಂಟ.)

ಎಣಿಕೆಯ ಬಗ್ಗೆ ಈ ಸಮುದಾಯಕ್ಕಿರುವ ಅಂಜಿಕೆಗೆ ಜನಾಂಗೀಯ ಮೂಲವನ್ನು ದಾಖಲಿಸಬಾರದೆಂಬ ಇಂದಿನ ನಿಲುವಿಗಿಂತ ಹಳೆಯ ಕಾರಣಗಳಿವೆ. 1914ರಿಂದ 1954ರವರೆಗೆ, ಅಂದರೆ ನಾಜಿಗಳು ರೋಮಾ ಜನರನ್ನು ಕೊಲ್ಲುತ್ತಿದ್ದ ವರ್ಷಗಳಲ್ಲಿಯೂ, ಸ್ವೀಡನ್ ಅವರ ಪ್ರವೇಶವನ್ನು ನಿಷೇಧಿಸಿತ್ತು. ಅದೇ ಅವಧಿಯಲ್ಲಿ, 1943–44ರಲ್ಲಿ, ಪೊಲೀಸರ ನೆರವಿನಿಂದ ನಡೆದ ಗಣತಿ 453 ‘ಜಿಪ್ಸಿ’ಗಳನ್ನೂ 7,668 ರೇಸಾಂದೆ ಜನರನ್ನೂ ಪಟ್ಟಿ ಮಾಡಿತು. ಆಗ ಜಾರಿಯಲ್ಲಿದ್ದು 1975ರವರೆಗೂ ಉಳಿದ ಸಂತಾನಹರಣ ಕಾನೂನುಗಳಿಗೆ ಬಲಿಯಾದವರಲ್ಲಿ ಈ ಸಮುದಾಯದ ಮಹಿಳೆಯರೂ ಇದ್ದರೆಂಬುದನ್ನು ಸರ್ಕಾರವೇ 2014ರ ಶ್ವೇತಪತ್ರದಲ್ಲಿ ಒಪ್ಪಿಕೊಂಡಿದೆ.

ಇದೆಲ್ಲ ಹಳೆಯ ಕಥೆ ಎನ್ನುವಂತೆಯೂ ಇರಲಿಲ್ಲ. ದಕ್ಷಿಣದ ಸ್ಕೋನೆ ಪ್ರಾಂತ್ಯದ ಪೊಲೀಸರು ಪುಟ್ಟ ಮಕ್ಕಳೂ ಸೇರಿದಂತೆ 4,000ಕ್ಕೂ ಹೆಚ್ಚು ರೋಮಾ ಜನರ ವಂಶಾವಳಿಯನ್ನು ಗುಟ್ಟಾಗಿ ದಾಖಲಿಸಿಟ್ಟುಕೊಂಡಿದ್ದರೆಂಬುದನ್ನು 2013ರಲ್ಲಿ ‘ದಾಗೆನ್ಸ್ ನ್ಯೂಹೆಟರ್’ ಪತ್ರಿಕೆ ಬಯಲಿಗೆಳೆಯಿತು. ದಾವೆ ಹೂಡಿದ 11 ಮಂದಿಗೆ ಪರಿಹಾರ ನೀಡಬೇಕೆಂದು 2016ರಲ್ಲಿ ಬಂದ ತೀರ್ಪನ್ನು ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಎತ್ತಿಹಿಡಿಯಿತು.

ಆದ್ದರಿಂದ ಖಚಿತ ಅಂಕಿ ಇಲ್ಲದಿರುವುದನ್ನು ಆಡಳಿತದ ಸೋಮಾರಿತನವೆಂದು ನಾನು ಭಾವಿಸುವುದಿಲ್ಲ. ಆದರೂ ಅದರಿಂದ ಒಂದು ತೊಡಕು ಹುಟ್ಟಿಕೊಂಡಿದೆ. 2032ರಲ್ಲಿ ಇಪ್ಪತ್ತು ತುಂಬುವ ರೋಮಾ ಯುವಜನರಿಗೆ ಉಳಿದವರಷ್ಟೇ ಅವಕಾಶಗಳಿರಬೇಕೆಂಬುದು ಸರ್ಕಾರದ ಗುರಿ. ಯಾರು ರೋಮಾ ಎಂದು ದಾಖಲಿಸದೆ ಆ ಗುರಿಯ ಸಾಧನೆಯನ್ನು ಅಳೆಯುವುದು ಹೇಗೆ? ಹೀಗಾಗಿ ಮಾಲ್ಮೊ, ಗೋಥೆನ್‌ಬರ್ಗ್, ಲೂಲಿಯೊ ಮೊದಲಾದ, ಪ್ರಯೋಗಕ್ಕೆ ಆಯ್ದ ಐದು ಪುರಸಭೆಗಳಲ್ಲಿ ಆರಂಭದ ಸ್ಥಿತಿಗತಿಯನ್ನು ತಿಳಿಯಲು ಅಧಿಕಾರಿಗಳು ಮುಖ್ಯವಾಗಿ ಸಂದರ್ಶನಗಳನ್ನೇ ನೆಚ್ಚಬೇಕಾಯಿತು.