ಕತ್ತಲಲ್ಲೂ ಕಾಣುವ ಶಟಲ್ ಕಾಕ್

ಬೆಳಗುವ ಶಟಲ್ ಮಾಡಹೊರಟವರು ಸಾಮಾನ್ಯವಾಗಿ ಕಾರ್ಕಿನ ನಡುವೆ ಒಂದು ಎಲ್‌ಇಡಿ ಸಿಕ್ಕಿಸಿ ಸುಮ್ಮನಾಗುತ್ತಾರೆ. ಅದು ಹೊಡೆದವರಿಗೆ ಚೆನ್ನಾಗಿ ಕಾಣುತ್ತದೆ, ವಾಪಸ್ ಹೊಡೆಯಬೇಕಾದವರಿಗೆ ಕಾಣುವುದೇ ಇಲ್ಲ. ಶಟಲ್ ಕಾರ್ಕ್ ಮುಂದಾಗಿ ಹಾರುತ್ತದೆ, ಎಲ್‌ಇಡಿಯ ಮುಖ ಮಾತ್ರ ಹಿಂದಕ್ಕಿರುತ್ತದೆ. ಹಾಗಾಗಿ ಬೆಳಕು ಬೀಳಬೇಕಾದದ್ದು ಶಟಲಿನ ನೈಲಾನ್ ಬಲೆಯ, ಅಂದರೆ ಗರಿಗಳ ಜಾಗದಲ್ಲಿರುವ ಜಾಲರಿಯ ಮೇಲೆ. ಬಲೆಯ ಗೋಡೆ ಮಧ್ಯದ ಅಕ್ಷಕ್ಕೆ ಸುಮಾರು 17 ಡಿಗ್ರಿ ಓರೆಯಾಗಿರುತ್ತದೆ. ಅಂಗಡಿಯಲ್ಲಿ ಸಿಗುವ 30 ಡಿಗ್ರಿಯ ಪಾರದರ್ಶಕ ಎಲ್‌ಇಡಿಯ ಬೆಳಕು ಅಕ್ಷದಿಂದ 15 ಡಿಗ್ರಿಯಷ್ಟೇ ಹರಡಿ, ಬಹುಪಾಲು ಬಲೆಯನ್ನು ಮುಟ್ಟದೆ ಹೊರಗೆ ಹೋಗಿಬಿಡುತ್ತದೆ. ಎಲ್‌ಇಡಿಯ ಗುಂಡು ತಲೆಯನ್ನು 400 ನಂಬರಿನ ಉಜ್ಜುಕಾಗದದಿಂದ ಚಪ್ಪಟೆಯಾಗುವವರೆಗೆ ತಿಕ್ಕಿ ಮಂಜು ಮಾಡಿದರೆ ಬೆಳಕು ಪಕ್ಕಕ್ಕೂ ಚೆಲ್ಲಿ ಇಡೀ ಬಲೆ ಬೆಳಗುತ್ತದೆ. ಬಣ್ಣ ಹಸಿರಾದರೆ ಉತ್ತಮ, ಮಬ್ಬಿನಲ್ಲಿ ಕಣ್ಣು ಕೆಂಪಿಗಿಂತ ಹಸಿರನ್ನು ಬೇಗ ಹಿಡಿಯುತ್ತದೆ.

ಇನ್ನು ತೂಕ. ನಿಯಮದ ಪ್ರಕಾರ ಗರಿಯ ಶಟಲ್ 4.74ರಿಂದ 5.50 ಗ್ರಾಂ ಇರಬೇಕು. ಸಿಆರ್927 ಬಟನ್ ಸೆಲ್ ಒಂದೇ ಸುಮಾರು 0.6 ಗ್ರಾಂ, ಎಲ್‌ಇಡಿ, ಅಂಟು ಸೇರಿದರೆ ಹೆಚ್ಚುಕಡಿಮೆ 1 ಗ್ರಾಂ. ಕಾರ್ಕ್ ಕೊರೆದರೆ ತೂಕ ಸರಿಹೋಗುತ್ತದೆ ಅನ್ನಿಸಬಹುದು. ಆದರೆ 10 ಮಿ.ಮೀ. ಅಗಲ, 8 ಮಿ.ಮೀ. ಆಳದ ಗುಂಡಿಯಿಂದ ಹೊರಬರುವ ಕಾರ್ಕ್ ಸುಮಾರು 0.13 ಗ್ರಾಂ ಮಾತ್ರ. ಕೆಲವು ಅಗ್ಗದ ಪ್ಲಾಸ್ಟಿಕ್ ಶಟಲ್‌ಗಳ ತಲೆಯೊಳಗೆ ತೂಕಕ್ಕೆಂದು ಕಬ್ಬಿಣದ ಚೂರು ಇಟ್ಟಿರುತ್ತಾರೆ. ಅಂಥದ್ದನ್ನೇ ಹುಡುಕಿ, ಚೂರು ತೆಗೆದು, ಆ ಜಾಗದಲ್ಲಿ ಸೆಲ್ ಕೂರಿಸಿ. ತೂಕವನ್ನು ಬಲೆಯ ಕಡೆಗಂತೂ ಸೇರಿಸಲೇಬೇಡಿ: ಏಟು ಬಿದ್ದ ಮೇಲೆ ಶಟಲ್ ಹೊರಳಿ ನೆಟ್ಟಗಾಗುವುದು ಭಾರ ತಲೆಯಲ್ಲಿರುವುದರಿಂದಲೇ. ಸೆಲ್ ನಡುವಿನಿಂದ ಒಂಚೂರು ಸರಿದರೂ ಶಟಲ್ ತಿರುಗುವಾಗ ಓಲಾಡುತ್ತದೆ.

ಸಾಮಾನ್ಯವಾಗಿ ಕೆಡುವುದು ಸೆಲ್ ಮತ್ತು ಎಲ್‌ಇಡಿ ಕಾಲು (ಅದರ ತಂತಿ) ಕೂಡುವ ಜಾಗ. ಜೋರು ಏಟಿಗೆ ಶಟಲ್ ಗಂಟೆಗೆ 250 ಕಿ.ಮೀ. ವೇಗದಲ್ಲಿ ಹಾರಿತು ಅನ್ನಿ, ಅಂದರೆ ಸೆಕೆಂಡಿಗೆ ಸುಮಾರು 70 ಮೀಟರ್. ಆ ವೇಗ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಬಂದರೆ 0.6 ಗ್ರಾಂ ಸೆಲ್ ಆ ಕ್ಷಣಕ್ಕೆ 4 ಕಿಲೋ ಭಾರದಂತೆ ಕಾರ್ಕಿನ ಮೂತಿಯ ಕಡೆಗೆ ಒತ್ತುತ್ತದೆ. ಕೆಳಗಿನ ಕಾಲು ಅದುಮಿಕೊಂಡು, ಮೇಲಿನ ಕಾಲು ಸೆಲ್‌ನಿಂದ ಬಿಟ್ಟುಕೊಳ್ಳುತ್ತದೆ. ಪ್ರತಿ ಏಟಿಗೂ ಬೆಳಕು ಮಿಣಕುವುದು ಇದರಿಂದಲೇ. ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕಬಾರದು, ಬಿಸಿಗೆ ಲಿಥಿಯಂ ಸೆಲ್ ಸಿಡಿಯಬಹುದು. ಎರಡು ಕಾಲುಗಳ ನಡುವೆ ಸೆಲ್ ಸಿಕ್ಕಿಸಿ, ಟೇಪಿನಿಂದ ಬಿಗಿಯಾಗಿ ಸುತ್ತಿ, ಸುತ್ತಲಿನ ಸಂದಿಗೆ ಸಿಲಿಕೋನ್ ಗಮ್ ತುಂಬಿ. ಗ್ಲೂ ಗನ್ನಿನ ಅಂಟು ಕೆಲವೇ ಏಟಿಗೆ ಕಿತ್ತುಬರುತ್ತದೆ. ಗಮ್ ಒಂದು ದಿನ ಪೂರ್ತಿ ಒಣಗಲಿ. ಮೇಲಿನ ಕಾಲಿನಡಿ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿಟ್ಟರೆ ಅದೇ ಸ್ವಿಚ್ಚು. ಸೆಲ್ ಮಕ್ಕಳ ಬೆರಳಿಗೆ ಕಿತ್ತು ಬರುವಂತಿರಬಾರದು: ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ.

ಹಸಿರು ಎಲ್‌ಇಡಿಗೆ 3 ವೋಲ್ಟ್ ಸೆಲ್ ನೇರ ಹೊಂದುತ್ತದೆ. ಕೆಂಪಿಗೆ 2 ವೋಲ್ಟ್ ಸಾಕು, ಅದಕ್ಕೆ ವಿದ್ಯುತ್ ಹರಿವು ತಗ್ಗಿಸುವ 470 ಓಮ್ ರೆಸಿಸ್ಟರ್ ಸೇರಿಸಬೇಕು.

ಕೊನೆಗೆ ಅಂಕಣದ ಹಿಂಗೆರೆಯಲ್ಲಿ ನಿಂತು ಕೆಳಗಿನಿಂದ ಪೂರ್ತಿ ಬಲ ಹಾಕಿ, ಪಕ್ಕದ ಗೆರೆಗೆ ಸಮಾನಾಂತರವಾಗಿ ಹೊಡೆದು ನೋಡಿ. ಸರಿಯಾದ ಶಟಲ್ ಎದುರಿನ ಹಿಂಗೆರೆಗಿಂತ 530ರಿಂದ 990 ಮಿ.ಮೀ. ಈಚೆಗೆ ಬೀಳಬೇಕು. ಗೆರೆ ದಾಟಿದರೆ ತೂಕ ಜಾಸ್ತಿಯಾಗಿರಬಹುದು. ಬಲೆಯ ಕಿಂಡಿಗಳಿಗೆ ಟೇಪ್ ಅಂಟಿಸಿ ವೇಗ ತಗ್ಗಿಸಲು ಹೋಗಬೇಡಿ. ಕಿಂಡಿಗಳಲ್ಲಿ ನುಗ್ಗುವ ಗಾಳಿಯೂ ಶಟಲನ್ನು ತಡೆಯುತ್ತಿರುತ್ತದೆ. ಮುಚ್ಚಿದರೆ ಅದು ಇನ್ನೂ ದೂರ ಹೋಗಬಹುದು.